ಮೊದಲು ಅನಿಲ, ಆಮೇಲೆ ವೇಗವರ್ಧಕ: ಸಂಶ್ಲೇಷಣಾ ಅನಿಲದಿಂದ ಆಲ್ಕೋಹಾಲ್ ಇಂಧನ

1923ರಲ್ಲಿ ಜರ್ಮನಿಯ ಲೋಯ್ನಾದಲ್ಲಿ ಬಿಎಎಸ್ಎಫ್ ಕಂಪನಿ ಕಲ್ಲಿದ್ದಲಿನ ಅನಿಲದಿಂದ ಮೆಥನಾಲ್ ತಯಾರಿಸತೊಡಗಿತು. ಅದಕ್ಕೂ ಮುಂಚೆ ಮೆಥನಾಲ್ ಸಿಗುತ್ತಿದ್ದುದು ಕಟ್ಟಿಗೆಯನ್ನು ಬಟ್ಟಿ ಇಳಿಸಿದಾಗ. ಸಂಶ್ಲೇಷಣಾ ಅನಿಲವೆಂದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ನಿನ ಮಿಶ್ರಣ. ಕಾರ್ಬನ್ ಮೊನಾಕ್ಸೈಡಿನ ಒಂದು ಅಣುವಿಗೆ ಹೈಡ್ರೋಜನ್ನಿನ ಎರಡು ಅಣು ಕೂಡಿದರೆ ಮೆಥನಾಲ್. ಕಾಗದದ ಮೇಲೆ ಇಷ್ಟೇ. ಕಾರ್ಖಾನೆಯಲ್ಲಿ ಮಾತ್ರ ಸತು-ಕ್ರೋಮಿಯಂ ಆಕ್ಸೈಡಿನ ವೇಗವರ್ಧಕದ ಜೊತೆಗೆ 250ರಿಂದ 350 ಬಾರ್ ಒತ್ತಡ, 300 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕಾಯಿತು.

ಈ ಕ್ರಿಯೆ ತಾನೇ ಶಾಖ ಹೊರಹಾಕುತ್ತದೆ. ಹಾಗಾಗಿ ಉಷ್ಣತೆ ಏರಿದಷ್ಟೂ ಮೆಥನಾಲಿನ ಪಾಲು ಇಳಿಯುತ್ತದೆ. ಆ ನಷ್ಟ ತುಂಬಿಸಲೆಂದೇ ಅಷ್ಟು ಒತ್ತಡ. ಕಡಿಮೆ ಉಷ್ಣತೆಯಲ್ಲೂ ದುಡಿಯಬಲ್ಲ ತಾಮ್ರದ ಗುಣ ಆಗಲೇ ತಿಳಿದಿತ್ತು. ಅಡ್ಡ ಬಂದದ್ದು ಗಂಧಕ. ಕಲ್ಲಿದ್ದಲಿನ ಅನಿಲದಲ್ಲಿದ್ದ ಗಂಧಕ ತಾಮ್ರದ ಮೇಲ್ಮೈಗೆ ಅಂಟಿಕೊಂಡು ಕ್ರಿಯೆ ನಡೆಯುವ ತಾಣಗಳನ್ನೇ ಮುಚ್ಚಿಬಿಡುತ್ತಿತ್ತು.

1966ರಲ್ಲಿ ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿ ತಾಮ್ರ-ಸತುವಿನ ವೇಗವರ್ಧಕದಿಂದ ಸುಮಾರು 50 ಬಾರ್‌ನಲ್ಲೇ ಕೆಲಸ ಸಾಧಿಸಿತು. ಅಲ್ಲಿ ಅನಿಲ ಬರುತ್ತಿದ್ದುದು ಕಚ್ಚಾ ತೈಲದಿಂದ ಸಿಗುವ ನಾಫ್ತಾದಿಂದ, ನಿಕ್ಕಲ್ ವೇಗವರ್ಧಕದ ಮೇಲೆ. ನಿಕ್ಕಲ್‌ಗೂ ಗಂಧಕ ಆಗಿಬರದು, ಆದ್ದರಿಂದ ಅದನ್ನು ಮೊದಲೇ ತೆಗೆದಿದ್ದರು. ಈ ಯಶಸ್ಸಿನ ಶ್ರೇಯಸ್ಸು ತಾಮ್ರದಷ್ಟೇ ಶುದ್ಧ ಅನಿಲಕ್ಕೂ ಸಲ್ಲಬೇಕು.

ಎಥನಾಲ್ ಇನ್ನೂ ಹಟಮಾರಿ. ಅದಕ್ಕೆ ಎರಡು ಇಂಗಾಲಗಳನ್ನು ಬೆಸೆಯಬೇಕು, ಅದು ತಾಮ್ರಕ್ಕೆ ಒಗ್ಗದ ಕೆಲಸ. ರೋಡಿಯಂ ಬೆಸೆಯುತ್ತದೆ, ಆದರೆ ಬಲು ದುಬಾರಿ. ಜೊತೆಗೆ ಮೀಥೇನ್ ಕೂಡ ಹುಟ್ಟುತ್ತದೆ. ಕ್ಷಾರ ಬೆರೆಸಿದ ಮಾಲಿಬ್ಡಿನಂ ಸಲ್ಫೈಡಿನದು ತಿರುಗುಮುರುಗು ಸ್ವಭಾವ: ತಾಮ್ರವನ್ನು ಕೊಲ್ಲುವ ಗಂಧಕವನ್ನೇ ಇದಕ್ಕೆ ಉಣಿಸಿ ಉಳಿಸಿಕೊಳ್ಳಬೇಕು. ಅದು ಕೊಡುವುದೂ ಬೆರಕೆ ಆಲ್ಕೋಹಾಲು. ಅಮೆರಿಕದ ಜಾರ್ಜಿಯಾದಲ್ಲಿ ಮರದ ಚೂರಿನಿಂದ ಎಥನಾಲ್ ಕೊಡುವುದಾಗಿ ಹೇಳಿದ್ದ ರೇಂಜ್ ಫ್ಯುಯೆಲ್ಸ್ ಘಟಕ 2010ರಲ್ಲಿ ಮೊದಲು ತಯಾರಿಸಿದ್ದು ಮೆಥನಾಲ್. 2011ರಲ್ಲಿ ಬಾಗಿಲು ಮುಚ್ಚಿತು. ಚೀನಾದ ಶಾನ್‌ಷಿಯಲ್ಲಿ 2017ರಲ್ಲಿ ಶುರುವಾದ ಘಟಕ ಅನಿಲದಿಂದ ನೇರವಾಗಿ ಎಥನಾಲ್ ಮಾಡುವ ದಾರಿಯ ಗೋಜಿಗೇ ಹೋಗಲಿಲ್ಲ. ಅಲ್ಲಿ ಮೆಥನಾಲನ್ನು ಡೈಮೀಥೈಲ್ ಈಥರ್ ಆಗಿ, ಅದನ್ನು ಮೀಥೈಲ್ ಅಸಿಟೇಟ್ ಆಗಿ ಮಾರ್ಪಡಿಸಿ, ಕೊನೆಗೆ ಎಥನಾಲ್ ಪಡೆಯುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಜೈವಿಕರಾಶಿಯನ್ನು ಅನಿಲವಾಗಿಸುವ ಗ್ಯಾಸಿಫೈಯರ್‌ಗಳಲ್ಲೂ ಪ್ರಶ್ನೆ ಅನಿಲದ್ದೇ. ಗಾಳಿ ಕೊಟ್ಟು ಉರಿಸಿದರೆ ಹೊರಬರುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಸಾರಜನಕ. ಎಂಜಿನ್ ಓಡಿಸಲು ಅಡ್ಡಿಯಿಲ್ಲ. ಮೆಥನಾಲಿಗಾದರೆ ಆ ನಿರುಪಯೋಗಿ ಅರ್ಧವನ್ನೂ 50 ಬಾರ್‌ವರೆಗೆ ಒತ್ತಬೇಕು. ಅದೇ ಸಂಸ್ಥೆ ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಬಳಸಿ ಹೈಡ್ರೋಜನ್ ಹೆಚ್ಚಿರುವ ಅನಿಲವನ್ನು ಪಡೆದಿದೆ. ತಾಲ್ಲೂಕು ಮಟ್ಟದ ಸಣ್ಣ ಘಟಕಕ್ಕೆ ಆಮ್ಲಜನಕ ಬೇರ್ಪಡಿಸುವ ಯಂತ್ರದ ಖರ್ಚೇ ದೊಡ್ಡ ಹೊರೆಯಾಗುತ್ತದೆ.