ವೈದ್ಯನ ಕೈಗುಣ

ಔಷಧ ಒಂದೇ ಆದರೂ ಒಬ್ಬರು ಕೊಟ್ಟರೆ ರೋಗ ವಾಸಿಯಾಗುತ್ತದೆ, ಇನ್ನೊಬ್ಬರು ಕೊಟ್ಟರೆ ಆಗುವುದಿಲ್ಲ. ಅದಕ್ಕೆ ವೈದ್ಯರ ಕೈಗುಣ ಕಾರಣವೆಂದು ನಮ್ಮ ಜನ ಹೇಳುವುದುಂಟು. ಆ ಕೈಗೆ ಕೆಟ್ಟ ಗುಣವೂ ಇರಬಹುದೆಂದು ಲೆಕ್ಕ ಸಹಿತ ತೋರಿಸಿ, ಅದಕ್ಕಾಗಿ ಸ್ವಜನರ ವಿರೋಧವನ್ನು ಕಟ್ಟಿಕೊಂಡವನು ಇಗ್ನಾಜ್ ಸೆಮ್ಮೆಲ್‌ವೈಸ್.

ಹಂಗೆರಿಯ ಬುಡಾ ಪಟ್ಟಣದಲ್ಲಿ 1818ರಲ್ಲಿ ಹುಟ್ಟಿದ ಈತ, 1846ರಲ್ಲಿ ವಿಯೆನ್ನಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಗೆ ಸಹಾಯಕ ವೈದ್ಯನಾಗಿ ಬಂದನು. ಅಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಶಿಕ್ಷಣ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ. ಆ ವರ್ಷ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಸತ್ತರು. ಎರಡನೆಯದರಲ್ಲಿ 3 ಮಂದಿಯೂ ಇಲ್ಲ. ಬಡ ಹೆಂಗಸರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಬಂದವರು ಕೂಡ ಅಲ್ಲಿ ಹೆತ್ತವರಿಗಿಂತ ಹೆಚ್ಚಾಗಿ ಬದುಕಿಕೊಳ್ಳುತ್ತಿದ್ದರು. ಪಂಡಿತರಾದರೋ ವಾಯುಮಂಡಲದ ದೋಷವೆಂದರು. ಒಂದೇ ಆಸ್ಪತ್ರೆಯ ಎರಡು ವಿಭಾಗಗಳಿಗೆ ಬೇರೆ ಬೇರೆ ವಾಯುಮಂಡಲ ಎಲ್ಲಿಂದ ಬರಬೇಕು?

1847ರ ಮಾರ್ಚಿಯಲ್ಲಿ ಸೆಮ್ಮೆಲ್‌ವೈಸನ ಮಿತ್ರ, ಪ್ರಾಧ್ಯಾಪಕ ಕೊಲೆಚ್ಕಾ, ಶವಪರೀಕ್ಷೆಯ ಸಮಯದಲ್ಲಿ ಶಿಷ್ಯನೊಬ್ಬನ ಚೂರಿ ತಗಲಿ, ಆ ಗಾಯದಿಂದಲೇ ತೀರಿಕೊಂಡನು. ಅವನ ದೇಹದಲ್ಲಿ ಕಂಡ ಲಕ್ಷಣಗಳು ಸೂತಿಕಾಜ್ವರದಿಂದ ಸತ್ತವರಲ್ಲಿ ಕಂಡವುಗಳೇ. ಆಗ ಒಗಟು ಬಿಡಿಸಿತು. ವೈದ್ಯರೂ ವಿದ್ಯಾರ್ಥಿಗಳೂ ಬೆಳಗ್ಗೆ ಶವಗಳನ್ನು ಕೊಯ್ದು, ಅದೇ ಕೈಯಿಂದ ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವದ ಕೆಲಸವಿರಲಿಲ್ಲ. ಸಾಬೂನಿನಿಂದ ತೊಳೆದರೂ ಕೈಯಲ್ಲಿ ಹೆಣದ ವಾಸನೆ ಉಳಿಯುತ್ತಿತ್ತು. ಆದ್ದರಿಂದ ಮೇ ತಿಂಗಳ ಮಧ್ಯದಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. 1848ರ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಬ್ಬಳೂ ಸಾಯಲಿಲ್ಲ.

ಇಷ್ಟು ಕಂಡ ಮೇಲೂ ಲೋಕ ಒಪ್ಪಲಿಲ್ಲವೇಕೆ? ಕಣ್ಣಿಗೆ ಕಾಣದ ವಿಷವನ್ನು ಆತ ತೋರಿಸಲಾರದೆ ಹೋದನು. ರೋಗಾಣು ಸಿದ್ಧಾಂತ ಇನ್ನೂ ಸ್ಥಿರಪಟ್ಟಿರಲಿಲ್ಲ. ತನ್ನ ಗ್ರಂಥವನ್ನು ಪ್ರಕಟಿಸುವುದಕ್ಕೆ 1861ರವರೆಗೆ ತಡಮಾಡಿದನು. ವಿರೋಧಿಗಳನ್ನು ಕೊಲೆಗಾರರೆಂದು ಜರೆದನು. ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ, ಆ ಮಾತನ್ನು ಒಪ್ಪಿದ ವೈದ್ಯನು ತಾನೇ ಸಾವನ್ನು ಹೊತ್ತು ತಂದೆನೆಂದು ಒಪ್ಪಬೇಕಾಗಿತ್ತು. ಸೆಮ್ಮೆಲ್‌ವೈಸ್ ಹಾಗೆ ಒಪ್ಪಿಕೊಂಡನು. ಶವಪರೀಕ್ಷೆಯಲ್ಲಿ ಇತರರಿಗಿಂತ ಹೆಚ್ಚು ಆಸಕ್ತನಾಗಿದ್ದ ತನ್ನ ಕೈಯಿಂದಲೇ ಲೆಕ್ಕವಿಲ್ಲದಷ್ಟು ಮಂದಿ ಸತ್ತರೆಂದು ಗ್ರಂಥದಲ್ಲಿ ಬರೆದನು. ಆ ಧೈರ್ಯ ಬಹುಮಂದಿಗೆ ಇರಲಿಲ್ಲ.

1850ರಲ್ಲಿ ಆತ ವಿಯೆನ್ನಾ ಬಿಟ್ಟನು. ಪೆಸ್ಟ್ ನಗರದ ಸಂತ ರೋಕಸ್ ಆಸ್ಪತ್ರೆಯಲ್ಲಿ 933 ಹೆರಿಗೆಗಳಿಗೆ 8 ಮಂದಿ ಮಾತ್ರ ಜ್ವರದಿಂದ ಸತ್ತರು. ಮುಂದೆ ಅಲ್ಲಿನ ವಿಶ್ವವಿದ್ಯಾಲಯದ ಹೆರಿಗೆ ವಿಭಾಗದಲ್ಲಿ ಜ್ವರ ಮರುಕಳಿಸಿದಾಗ, ಸರಿಯಾಗಿ ಒಗೆಯದ ಹಾಸಿಗೆಬಟ್ಟೆಗಳೇ ಕಾರಣವೆಂದು ಆಡಳಿತದೊಡನೆ ಹೋರಾಡಿದನು. ಕೈಯಷ್ಟೇ ಸಾಲದು, ರೋಗಿಯನ್ನು ಮುಟ್ಟುವ ಎಲ್ಲವೂ ಶುದ್ಧವಾಗಿರಬೇಕು ಎಂಬುದು ಅವನ ವಾದ. 1865ರ ಆಗಸ್ಟಿನಲ್ಲಿ ವಿಯೆನ್ನಾದ ಬಳಿಯ ಹುಚ್ಚಾಸ್ಪತ್ರೆಯೊಂದರಲ್ಲಿ, ಗಾಯವೊಂದು ನಂಜಾಗಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ತಿಂಗಳು ಗ್ಲಾಸ್ಗೋದಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ನಂಜನ್ನು ತಡೆಯುವ ಪ್ರಯೋಗವನ್ನು ಆರಂಭಿಸಿದನು.

ಈಗ ರೋಗಾಣುಗಳನ್ನು ಕುರಿತು ಸಂಶಯಪಡುವ ವೈದ್ಯರಿಲ್ಲ. ಆದರೂ ಆಸ್ಪತ್ರೆಗಳಲ್ಲಿ ಕೈ ತೊಳೆಯುವ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ವಿಧಿಸಬೇಕಾಯಿತು. ತಿಳಿವಳಿಕೆ ಅಭ್ಯಾಸವಾಗುವುದು ಅಷ್ಟು ಕಷ್ಟ. ನಮ್ಮ ಮಡಿ, ಮುಟ್ಟಿದವರು ಯಾರೆಂದು ಕೇಳುತ್ತಿತ್ತು. ಈ ಶುಚಿತ್ವ, ಆ ಕೈ ಮೊದಲು ಏನನ್ನು ಮುಟ್ಟಿತ್ತೆಂದು ಕೇಳುತ್ತದೆ. ಹಾಸಿಗೆಯಲ್ಲಿ ಮಲಗಿದ ರೋಗಿ ಈ ಪ್ರಶ್ನೆಯನ್ನು ಕೇಳಿದರೆ ಯಾವ ವೈದ್ಯನೂ ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ವಿಯೆನ್ನಾದ ಬಾಗಿಲಲ್ಲಿ ಮೊಣಕಾಲೂರಿದ ಹೆಂಗಸರು ಹೇಳುತ್ತಿದ್ದುದೂ ಇದನ್ನೇ, ಕೇಳಿಸಿಕೊಳ್ಳುವವರಿರಲಿಲ್ಲ.