ರೋಮಿಗೆ ಎದುರು ನಿಂತವರು, ರೋಮಿನೊಡನೆ ಕೈಜೋಡಿಸಿದವರು



ಸುಂಕದ ಕಟ್ಟೆಯಿಂದ ಎದ್ದುಬಂದ ಸಂತ ಮತ್ತಾಯರ ಹಬ್ಬವನ್ನು ಸೆಪ್ಟೆಂಬರ್ 21ರಂದು, ‘ದೇಶಾಭಿಮಾನಿ’ ಎನಿಸಿಕೊಂಡ ಸಂತ ಸಿಮೋನರ ಹಬ್ಬವನ್ನು ಅಕ್ಟೋಬರ್ 28ರಂದು ನಾವು ಆಚರಿಸುತ್ತೇವೆ. ಇವರಿಬ್ಬರೂ ಒಂದೇ ಊಟದ ಪಂಕ್ತಿಯಲ್ಲಿ ಕುಳಿತದ್ದು ಎಷ್ಟು ದೊಡ್ಡ ಮಾತೆಂದು ತಿಳಿಯಲು ಆ ಕಾಲದ ಇತಿಹಾಸವನ್ನು ನೋಡಬೇಕು.

ರೋಮನರು ಜುದೇಯವನ್ನು ಸೈನ್ಯದಿಂದಷ್ಟೇ ಆಳಲಿಲ್ಲ. ಸ್ಥಳೀಯ ಮುಖಂಡರ ಮೂಲಕವೂ ಆಳಿದರು. ಕ್ರಿ.ಶ. 6ರಲ್ಲಿ ಕುರೇನ್ಯನು ತೆರಿಗೆಗಾಗಿ ಜನರ ಆಸ್ತಿಯ ಲೆಕ್ಕ ತೆಗೆಸಿದಾಗ, ಒಪ್ಪಿಕೊಳ್ಳಿರೆಂದು ಜನರ ಮನವೊಲಿಸಿದವನು ಪ್ರಧಾನಯಾಜಕ ಯೊವಾಜಾರನೇ. ದೇವರೊಬ್ಬರೇ ನಮ್ಮ ಒಡೆಯರೆಂದು ದಂಗೆಯೆದ್ದವನು ಗಲಿಲೇಯದ ಯೂದ. ಸುಮಾರು ನಲವತ್ತು ವರ್ಷಗಳ ನಂತರ ಈ ಯೂದನ ಇಬ್ಬರು ಮಕ್ಕಳನ್ನು ಶಿಲುಬೆಗೇರಿಸಿದ ರೋಮನ್ ಅಧಿಪತಿ ತಿಬೇರಿಯಸ್ ಅಲೆಕ್ಸಾಂಡರ್ ಹುಟ್ಟಿನಿಂದ ಯೆಹೂದ್ಯನೇ ಆಗಿದ್ದ!

ಹಾಗಾದರೆ ಜನರು ಎರಡು ಪಂಗಡಗಳಾಗಿ ಒಡೆದಿದ್ದರೆ? ಅಷ್ಟು ಸರಳವಲ್ಲ. ಯಾಜಕ ಮನೆತನದ ಜೋಸೆಫಸ್ 66ರ ದಂಗೆಯಲ್ಲಿ ಗಲಿಲೇಯದ ದಳಪತಿ. 67ರಲ್ಲಿ ಯೊತಪಾತದಲ್ಲಿ ಶರಣಾದ. 70ರಲ್ಲಿ ರೋಮನರ ಪಾಳೆಯದಿಂದ ಜೆರುಸಲೇಮಿನ ಗೋಡೆಯ ಬಳಿಗೆ ಬಂದು, ಶರಣಾಗಿರೆಂದು ಸ್ವಜನರನ್ನು ಬೇಡಿಕೊಂಡ. ಅವನ ತಾಯಿ ಆ ಗೋಡೆಯೊಳಗೇ ಇದ್ದಳು. ಅವನನ್ನು ದ್ರೋಹಿ ಎನ್ನೋಣವೇ? ಜನರ ಪ್ರಾಣ ಉಳಿಸಲು ಯತ್ನಿಸಿದವನೆನ್ನೋಣವೇ?

ಇನ್ನೊಂದು ಮಾತು. ಈ ದಂಗೆಯ ಕಥೆಯ ಬಹುಪಾಲು ನಮಗೆ ದೊರೆತಿರುವುದು ಜೋಸೆಫಸನಿಂದಲೇ, ಅದೂ ಚಕ್ರವರ್ತಿಯ ಆಶ್ರಯದಲ್ಲಿದ್ದು ಬರೆದ ಗ್ರಂಥದಿಂದ. ದಂಗೆಕೋರರನ್ನು ಅವನು ದರೋಡೆಕೋರರೆಂದು ಕರೆದ. ಅವರೇ ಟಂಕಿಸಿದ ನಾಣ್ಯಗಳ ಮೇಲಾದರೋ ‘ಸಿಯೋನಿನ ಸ್ವಾತಂತ್ರ್ಯ’ ಎಂಬ ಬರಹವಿದೆ. ಒಬ್ಬರ ಬಾಯಿಂದ ಕೇಳಿ ಇನ್ನೊಬ್ಬರಿಗೆ ತೀರ್ಪು ಕೊಡಲಾಗದೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಇಬ್ಬರು ಪ್ರೇಷಿತರ ವಿಷಯದಲ್ಲೂ ಎಚ್ಚರವಿರಲಿ. ಕಫೆರ್ನವುಮಿನಲ್ಲಿ ಮತ್ತಾಯರು ಸುಂಕ ಎತ್ತಿದ್ದು ರೋಮಿನ ಕೈಕೆಳಗಿದ್ದ ಹೆರೋದ ಅಂತಿಪನ ಸೀಮೆಯಲ್ಲಿ. ಸಿಮೋನರ ಬಿರುದನ್ನು ಹೋಲುವ ಸಶಸ್ತ್ರ ಪಕ್ಷವೊಂದು ಜೋಸೆಫಸನ ಬರಹದಲ್ಲಿ ಸ್ಪಷ್ಟವಾಗಿ ಕಾಣುವುದು 66ರ ನಂತರ. ಆದ್ದರಿಂದ ಸಿಮೋನರು ಕತ್ತಿ ಹಿಡಿದವರೆಂದು ಖಚಿತವಾಗಿ ಹೇಳಲಾಗದು. ಧರ್ಮಶಾಸ್ತ್ರದಲ್ಲಿ ಕಟ್ಟಾಸಕ್ತಿಯುಳ್ಳವರೂ ಆಗಿದ್ದಿರಬಹುದು. ಆದರೂ ಜನರ ಕಣ್ಣಿಗೆ ಒಬ್ಬರು ಪರರ ಸೇವಕ, ಇನ್ನೊಬ್ಬರು ಸ್ವಜನಾಭಿಮಾನಿ. ಯೇಸುಸ್ವಾಮಿ ಇಬ್ಬರನ್ನೂ ಹೆಸರು ಹಿಡಿದು ಕರೆದರು.

ನಮ್ಮ ಕುಟುಂಬಗಳಲ್ಲಿ, ಧರ್ಮಕೇಂದ್ರಗಳಲ್ಲಿ ‘ಅವನು ಆ ಕಡೆಯವನು’ ಎಂದು ನಾವು ದೂರವಿಟ್ಟವರಿದ್ದಾರೆ. ಈ ಹಬ್ಬಗಳಂದು ಅಂಥ ಒಬ್ಬರನ್ನಾದರೂ ಊಟಕ್ಕೆ ಕರೆಯೋಣ. ಅವರ ಬಾಯಿಂದಲೇ ಅವರ ಕಥೆಯನ್ನು ಕೇಳೋಣ.