ಮಾನಸಿಕ ಅಸ್ವಸ್ಥತೆ: ಪ್ರಮಾಣಪತ್ರ ಮತ್ತು ಆಸ್ತಿಯ ಹಕ್ಕು

(ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸುತ್ತಲಿನ ಗ್ರಾಮಗಳ ಹಾಗೂ ಚಳ್ಳಕೆರೆ ತಾಲ್ಲೂಕಿನ ಅರ್ಜಿದಾರರ ಮಾಹಿತಿಗಾಗಿ)

ಮಾನಸಿಕ ಅಸ್ವಸ್ಥತೆಯುಳ್ಳವರು ಅಂಗವಿಕಲತೆಯ ಪ್ರಮಾಣಪತ್ರ ಪಡೆದಲ್ಲಿ ಪಹಣಿಯಿಂದ ಹೆಸರು ತೆಗೆದುಹಾಕುವರೆಂದು ಹೆದರಿ ಅರ್ಜಿಯನ್ನೇ ಸಲ್ಲಿಸದಿರುವ ಕುಟುಂಬಗಳುಂಟು. ಈ ಭಯಕ್ಕೆ ಕಾನೂನಿನಲ್ಲಿ ಆಧಾರವಿರುವುದಿಲ್ಲ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. ಇದರ 13ನೇ ಪ್ರಕರಣದಂತೆ ಆಸ್ತಿಯನ್ನು ಹೊಂದಲು, ಉತ್ತರಾಧಿಕಾರದಿಂದ ಪಡೆಯಲು ಹಾಗೂ ಬ್ಯಾಂಕ್ ಸಾಲ ಪಡೆಯಲು ವಿಕಲಚೇತನರಿಗೆ ಇತರರಷ್ಟೇ ಹಕ್ಕಿದೆ. ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರನ್ನೂ ಚಿತ್ತಸ್ವಾಸ್ಥ್ಯವಿಲ್ಲದವರೆಂದು ಭಾವಿಸತಕ್ಕದ್ದಲ್ಲವೆಂದು ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮ, 2017ರ 3ನೇ ಪ್ರಕರಣ ತಿಳಿಸುತ್ತದೆ. ಹಾಗೆ ಘೋಷಿಸುವ ಅಧಿಕಾರ ಸಕ್ಷಮ ನ್ಯಾಯಾಲಯಕ್ಕೆ ಸೇರಿದ್ದು. ಪ್ರಮಾಣಪತ್ರ ನೀಡುವ ವೈದ್ಯರಿಗಾಗಲಿ, ಕಂದಾಯ ಸಿಬ್ಬಂದಿಗಾಗಲಿ, ಒಡಹುಟ್ಟಿದವರಿಗಾಗಲಿ ಇಲ್ಲ. ಕಾಯಿಲೆಯ ನೆಪವೊಡ್ಡಿ ಪಾಲು ನಿರಾಕರಿಸಿದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು.

ಅರ್ಜಿಯನ್ನು ಯು.ಡಿ.ಐ.ಡಿ. ಜಾಲತಾಣದಲ್ಲಿ ಸಲ್ಲಿಸತಕ್ಕದ್ದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ತಪಾಸಣೆಗೆ ಬರುವಾಗ ಚಿಕಿತ್ಸೆಯ ಹಳೆಯ ಚೀಟಿಗಳನ್ನು ತಪ್ಪದೇ ತರುವುದು. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯವಿರಬೇಕು, ಮೇಲ್ಕಂಡ ಆಸ್ತಿಯ ಹಕ್ಕಿಗೆ ಈ ಮಿತಿ ಅನ್ವಯಿಸುವುದಿಲ್ಲ.

ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ ಉಚಿತ ದೂರವಾಣಿ: 14416.